ಮಜಾಮಾ ಎಂದ ನಲವತ್ತೊಂದು ಮಂದಿ

ಬಾಲಚಂದ್ರ ಮುಳಗುಂದ ಅವರ ಬಲ ತೊಡೆಸಂದಿಯಲ್ಲಿ ನಾಲ್ಕು ವರ್ಷದಿಂದ ಒಂದು ಗುಟ್ಟು ಇತ್ತು. ಗುಟ್ಟಿನ ಗಾತ್ರ ಮೊದಲು ನಿಂಬೆಹಣ್ಣಿನಷ್ಟಿದ್ದದ್ದು ಈಗ ಸಣ್ಣ ಮೋಸಂಬಿಯಷ್ಟಾಗಿತ್ತು. ರಾಯರು ನಿಂತರೆ ಅದು ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಮಲಗಿದ ಕೂಡಲೇ ಮಾಯವಾಗುವ ವಸ್ತುವನ್ನು ರೋಗ ಎನ್ನಬೇಕೋ ಅಭ್ಯಾಸ ಎನ್ನಬೇಕೋ ಎಂದು ಅವರಿಗೆ ಗೊಂದಲವಿತ್ತು. ಗೊಂದಲ ಇರುವ ಫೈಲನ್ನು ಪೆಂಡಿಂಗ್ ಇಡತಕ್ಕದ್ದು ಎಂದು ವಿಮಾ ಕಂಪನಿಯ ಮೂವತ್ತೊಂದು ವರ್ಷದ ನೌಕರಿ ಕಲಿಸಿತ್ತು. ಇಟ್ಟಿದ್ದರು.

ಅದು ಬಂದದ್ದು ವಡೋದರಾದ ಕನ್ನಡ ಸಂಘದ ಯುಗಾದಿ ಊಟದ ದಿನ. ಸಾರಿನ ಕೊಪ್ಪರಿಗೆಯನ್ನು ಇಬ್ಬರು ಅಡಿಗೆಯವರು ಎತ್ತಲಾಗದೆ ನಿಂತಿದ್ದಾಗ, ಸಂಘದ ಕಾರ್ಯಾಧ್ಯಕ್ಷರಾದ ರಾಯರು ಜುಬ್ಬಾದ ತೋಳು ಮಡಚಿ, "ಸರೀರಿ, ಸರೀರಿ, ಧಾರವಾಡದ ನೀರು ಕುಡದವರು ನಾವು," ಎಂದು ಒಂದು ಬದಿ ಹಿಡಿದು ಎತ್ತಿಯೇ ಬಿಟ್ಟರು. ಚಪ್ಪಾಳೆಯಾಯಿತು. ಚಪ್ಪಾಳೆಯ ನಡುವೆ ಒಳಗೆಲ್ಲೋ ಹಳೇ ಧೋತರ ಪರ್ರನೆ ಹರಿದ ಹಾಗಾಯಿತು. ಧೋತರ ನೋಡಿಕೊಂಡರು, ಸರಿಯಾಗಿಯೇ ಇತ್ತು. ಸಂಜೆ ಸ್ನಾನದ ಮನೆಯಲ್ಲಿ ನಿಂಬೆಹಣ್ಣು ಕಂಡಿತು.

ಆಮೇಲೆ ಮಕರಪುರಾ ರಸ್ತೆಯ ಔಷಧದ ಅಂಗಡಿಯಲ್ಲಿ, ಗೆಳೆಯರೊಬ್ಬರಿಗೆ ಬೇಕು ಎಂದು ಹೇಳಿ, ಒಂದು ಬೆಲ್ಟು ತಂದರು. ಗೆಳೆಯರ ಸೊಂಟದ ಅಳತೆ ಎಷ್ಟು ಎಂದು ಅಂಗಡಿಯವನು ಕೇಳಿದಾಗ ತಮ್ಮ ಸೊಂಟಕ್ಕೇ ಟೇಪು ಸುತ್ತಿಸಿಕೊಂಡು, "ಇಷ್ಟೇ, ಹೆಚ್ಚೂಕಡಿಮೆ," ಎಂದರು. ಹೆಂಡತಿ ಇಂದುಮತಿಗೆ ಅದು ಬೆನ್ನುನೋವಿನ ಬೆಲ್ಟು ಎಂದು ತಿಳಿಸಲಾಯಿತು. ಇಂದುಮತಿ ಅದನ್ನು ಎರಡು ಸಲ ತಿರುವಿ ನೋಡಿ, ತೊಳೆದು ಒಣಹಾಕಿದರು. ಅಂದಿನಿಂದ ಕುಡಿಯುವ ನೀರಿನ ಇಪ್ಪತ್ತು ಲೀಟರಿನ ಜಗ್ಗು ಬಂದಾಗಲೆಲ್ಲ ರಾಯರಿಗೆ ಬಾಲ್ಕನಿಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ವಸತಿ ಸೊಸೈಟಿಯ ವಾಚ್‌ಮನ್ ಬಂದು ಜಗ್ಗು ಏರಿಸಿ ಹೋಗುತ್ತಿದ್ದ.

"ಆರಾಮ ಅದೀರಿಲ್ಲೋ?" ಎಂದು ಇಂದುಮತಿ ದಿನಾ ಬೆಳಿಗ್ಗೆ ಚಹದ ಜೊತೆ ಕೇಳುತ್ತಿದ್ದರು.

"ಆರಾಮ," ಎಂದು ರಾಯರು ಹೇಳುತ್ತಿದ್ದರು. ಧಾರವಾಡದ ಮಾಳಮಡ್ಡಿಯಲ್ಲಿ ಅವರ ತಂದೆ ಜ್ವರದಲ್ಲಿ ನಡುಗುತ್ತಲೂ ಇದನ್ನೇ ಹೇಳುತ್ತಿದ್ದರು. ಇದು ಉತ್ತರವಲ್ಲ, ಸಂಸ್ಕಾರ.

ರಾಯರ ನೌಕರಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಹೇಳದಿದ್ದರೆ ಅವರೇ ಹೇಳುತ್ತಾರೆ, ಅದಕ್ಕೆ ಎರಡು ತಾಸು ಬೇಕು. ನಿವೃತ್ತರಾಗುವವರೆಗೆ ಅವರು ಕಂಪನಿಯಲ್ಲಿ ಕ್ಲೇಮು ತನಿಖೆ ಮಾಡುತ್ತಿದ್ದವರು. ಮೊದಲ ಹದಿನಾಲ್ಕು ವರ್ಷ ಸೂರತ್ತಿನಲ್ಲಿ, ಆಮೇಲೆ ವಡೋದರಾದಲ್ಲಿ. ನೋವು ಇಲ್ಲದೆಯೇ ನೋವಿದೆ ಎನ್ನುವವರನ್ನು ಹಿಡಿಯುವುದು ಅವರ ಕಸುಬು. ಸೂರತ್ತಿನ ಪಾಂಡೇಸರಾದ ಬಣ್ಣದ ಮಿಲ್ಲೊಂದರಲ್ಲಿ ಬೆನ್ನು ಮುರಿದಿದೆ ಎಂದು ಮಲಗಿದ್ದ ಒಬ್ಬನ ಎದುರು ರಾಯರು ಆಕಸ್ಮಿಕವೆಂಬಂತೆ ಪೆನ್ನು ಕೆಳಗೆ ಬೀಳಿಸಿದರಂತೆ. ಅವನು ಸೌಜನ್ಯಕ್ಕೆ ಟಕ್ಕನೆ ಬಗ್ಗಿ ಎತ್ತಿ ಕೊಟ್ಟನಂತೆ. "ಫೈಲ್ ಕ್ಲೋಸ್!" ಎಂದು ಮುಗಿಯುವ ಈ ಕಥೆಯನ್ನು ಕೇಳದ ಕನ್ನಡಿಗರು ಸೂರತ್ತಿನಿಂದ ಅಹಮದಾಬಾದಿನವರೆಗೆ ಇಲ್ಲ. ಮಂಜಲ್‌ಪುರದ ಅವರ ಸೊಸೈಟಿಯಲ್ಲಿ ಮಕ್ಕಳು ಕೂಡ ಅವರೆದುರು ಪೆನ್ನು ಬಿದ್ದರೆ ಎತ್ತಲು ಅನುಮಾನಿಸುತ್ತಾರೆ.

ಮಗಳು ಅದಿತಿ ಡಾಕ್ಟರು. ಅಹಮದಾಬಾದಿನಲ್ಲಿ ಮೇಲಿನ ಓದು, ನವರಂಗಪುರದಲ್ಲಿ ಬಾಡಿಗೆ ಕೋಣೆ. ಹುಟ್ಟಿ ಬೆಳೆದದ್ದೆಲ್ಲ ಗುಜರಾತು. ಅವಳ ಕನ್ನಡ ಮೂರು ಭಾಷೆಗಳ ನಡುವೆ ಸೀಟು ಸಿಗದೆ ನಿಂತುಕೊಂಡೇ ಪ್ರಯಾಣ ಮಾಡುತ್ತದೆ. ಒಂದು ಭಾನುವಾರ ಅವಳು ಮನೆಗೆ ಬಂದು, ತಂದೆಯ ಎದುರು ಕಾಗದದ ಕಟ್ಟು ಇಟ್ಟಳು.

"ಅಪ್ಪಾ, ನಂದೊಂದು ಕಾಮ್ ಮಾಡ್ತಿ? ನನ್ನ ಥೀಸಿಸ್ಸಿಂದು. ಇಲ್ಲೇ ವಡೋದರಾದ ಆಸ್ಪತ್ರೆಯಾಗ ಹಳ್ಳಿಯವರಿಗೆ ಹರ್ನಿಯಾದ ಎಮರ್ಜೆನ್ಸಿ ಆಪರೇಶನ್ ಆಗಿರ್ತದ ನಾ, ಒಂದು ವರ್ಷದ ಮ್ಯಾಲೆ ಅವರು ಹ್ಯಾಂಗಿದ್ದಾರ ಅಂತ ಫೋನ್ ಮಾಡಿ ಕೇಳಬೇಕು. ನಲವತ್ತೆಂಟು ಮಂದಿ. ನಾ ಕೇಳಿದ್ರ ಅವರು ಮಾತೇ ಆಡೂದಿಲ್ಲ. ನಿಂಗ ಎಕ್ಸ್‌ಪೀರಿಯನ್ಸ್ ಅದ."

ಕೊನೆಯ ವಾಕ್ಯ ರಾಯರ ಕಿವಿಯಲ್ಲಿ ಸ್ವಲ್ಪ ಹೊತ್ತು ನಿಂತಿತು.

"ಎಮರ್ಜೆನ್ಸಿ ಅಂದ್ರ?"

"ಅಂದ್ರ ಅಪ್ಪಾ, ಗಡ್ಡೆ ಮೊದಲ ಒಳಗ ಹೋಗ್ತಿರ್ತದ, ಬರ್ತಿರ್ತದ. ಅವಾಗನ ಬಂದ್ರ ಸಣ್ಣ ಆಪರೇಶನ್, ಎರಡು ದಿವಸದಾಗ ಮನೀಗೆ. ಆದ್ರ ಯಾರೂ ಬರೂದಿಲ್ಲ. ಒಂದು ದಿವಸ ಅದು ಹೊರಗೇ ಸಿಕ್ಕೊಂಡು ಬಿಡ್ತದ. ಕರುಳಿಗೆ ರಕ್ತ ಹೋಗೂದು ಬಂದ್! ಅಲ್ಲಿಂದ ಜೀಪು ಹಿಡದು, ಆಸ್ಪತ್ರೆ ಹುಡುಕಿ, ಅಷ್ಟರಾಗ ಕರುಳು ಸತ್ತಿರ್ತದ. ಸುಮ್ನ ಇಷ್ಟು ವರ್ಷ ಮುಚ್ಚಿ ಇಟ್ಟಿದ್ದಕ್ಕ."

"ಹಳ್ಳಿ ಮಂದಿ!" ಎಂದು ರಾಯರು ಮರುಕದಿಂದ ತಲೆ ಅಲ್ಲಾಡಿಸಿದರು. "ಎಜುಕೇಶನ್ ಇಲ್ಲ ನೋಡು. ಬಾಯಿಬಿಟ್ಟು ಒಂದು ಮಾತು ಹೇಳಲಿಕ್ಕೆ ಏನು ಧಾಡಿ?"

ಇದನ್ನು ಹೇಳುವಾಗ ಅವರ ಬಲಗೈ ಬೆಲ್ಟಿನ ಮೇಲಿತ್ತು. ತಮ್ಮದು ಒಳಗೆ ಹೋಗುತ್ತದೆ ಬರುತ್ತದೆ, ನಿಜ. ಆದರೆ ಅದಿತಿ ಹೇಳಿದ್ದು ಹಳ್ಳಿಯವರ ಬಗ್ಗೆ. ಮಂಜಲ್‌ಪುರ ಕಾರ್ಪೊರೇಶನ್ ಹದ್ದಿನೊಳಗೆ ಬರುತ್ತದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಇಂದುಮತಿ ಗಂಡನ ಕೈಯನ್ನು ನೋಡಿ, ಒಳಗೆ ಹೋಗಿ ಒಗ್ಗರಣೆ ಹಾಕಿದರು.

ರಾಯರು ಮರುದಿನವೇ 'ಕ್ಷೇತ್ರ ಸಂಶೋಧನಾ ಸಲಹೆಗಾರರು' ಎಂದು ವಿಸಿಟಿಂಗ್ ಕಾರ್ಡು ಮಾಡಿಸಿದರು. ಫಾರ್ಮಿನಲ್ಲಿ ಕೊನೆಗೆ ಒಂದೇ ಮುಖ್ಯ ಚೌಕ: 'ಪರಿಣಾಮ'. ಅದರಲ್ಲಿ ಒಂದು ಅಂಕಿ ಬರೆಯಬೇಕು. ಒಂದು ಎಂದರೆ ಗುಣವಾಗಿದ್ದಾರೆ, ಎರಡು ಎಂದರೆ ತೊಂದರೆ ಇದೆ, ಮೂರು ಎಂದರೆ ಗಡ್ಡೆ ಮತ್ತೆ ಬಂದಿದೆ, ನಾಲ್ಕು ಎಂದರೆ ತೀರಿಕೊಂಡಿದ್ದಾರೆ. ಇಷ್ಟು ಸರಳ ಕೆಲಸಕ್ಕೆ ಇಷ್ಟು ದೊಡ್ಡ ವಿದ್ಯೆ ಯಾಕೆ ಬೇಕೆಂದು ರಾಯರಿಗೆ ಆಶ್ಚರ್ಯವಾಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು (ಫೋನಿನಲ್ಲಿ ಅಂಗಿ ಕಾಣದು, ದನಿಯಲ್ಲಿ ಕಾಣುತ್ತದೆ ಎಂಬುದು ಅವರ ವಾದ) ಎರಡು ದಿನ ಬೆಳಿಗ್ಗೆ ಕೂತು ಕರೆ ಮಾಡಿದರು. ಏಳು ಮಂದಿ ಸಿಗಲಿಲ್ಲ. ನಲವತ್ತೊಂದು ಮನೆ ಸಿಕ್ಕವು.

"ನಾನ್‌ಸಿಂಗಭಾಯಿ ಮನೆಯಲ್ಲವೇ? ಆಸ್ಪತ್ರೆ ಕಡೆಯಿಂದ. ಕೇಮ್ ಛೋ?"

"ಮಜಾಮಾ," ಎಂದಿತು ಆಚೆಯ ದನಿ.

ಕೇಮ್ ಛೋ ಎಂದರೆ ಹೇಗಿದ್ದೀರಿ. ಮಜಾಮಾ ಎಂದರೆ ಮಜವಾಗಿದ್ದೇವೆ. ರಾಯರು 'ಒಂದು' ಎಂದು ಬರೆದರು. ಮುಂದಿನ ಮನೆ: ಮಜಾಮಾ. ಒಂದು. ಅದರ ಮುಂದಿನದು: ಏಕ್‌ದಮ್ ಮಜಾಮಾ. ಅದಕ್ಕೂ ಒಂದೇ, ಹೆಚ್ಚಿನ ಅಂಕ ಕೊಡಲು ಅವಕಾಶವಿಲ್ಲವಲ್ಲ ಎಂದು ರಾಯರಿಗೆ ಬೇಸರವಾಯಿತು. ನಲವತ್ತೊಂದಕ್ಕೆ ನಲವತ್ತೊಂದು. ಸಂಘದಲ್ಲಿ 'ಗ್ರಾಮೀಣರ ಜೀವಶಕ್ತಿ' ಎಂಬ ಉಪನ್ಯಾಸಕ್ಕೆ ಟಿಪ್ಪಣಿ ಮಾಡಿಕೊಳ್ಳತೊಡಗಿದರು.

ಬುಧವಾರ ಅದಿತಿಯ ಫೋನು ಬಂತು. "ಅಪ್ಪಾ, ಎಲ್ಲಾ ಒಂದು ಬರದೀಯಲ್ಲ."

"ಎಲ್ಲಾರೂ ಗುಣ ಆಗ್ಯಾರವ್ವಾ."

"ನಮ್ಮ ಮೇಡಂ ನಗಲಿಕತ್ತಾರ. ಎಲ್ಲಿಯೂ ಹಿಂಗ ಆಗೂದಿಲ್ಲಂತ. ಇವರು ಒಬ್ಬರಿಗೂ ಏನೂ ಆಗಿಲ್ಲ ಅಂದ್ರ ಆಪರೇಶನ್ನೇ ಆಗಿರಲಿಕ್ಕಿಲ್ಲ ಅಂತಾರ. ಪ್ಲೀಸ್, ಒಂದೆರಡು ಮನೀಗೆ ಹೋಗಿ ನೋಡಿ ಬಾ."

ರಾಯರಿಗೆ ಅವಮಾನವಾಯಿತು. ತಮ್ಮ ತನಿಖೆಯ ಮೇಲೆ ತನಿಖೆ! ಆದರೆ ಕಾರ್ಡು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಹೊರಟರು.

ಬೋಡೇಲಿಯವರೆಗೆ ಬಸ್ಸು. ಅಲ್ಲಿಂದ ಏಳು ಮಂದಿಯ ವ್ಯಾನಿನಲ್ಲಿ ಹದಿಮೂರನೆಯವರಾಗಿ ರಾಯರು ಕೂತರು. ರಸ್ತೆಯ ಒಂದೊಂದು ಗುಂಡಿಗೂ ಬೆಲ್ಟಿನ ಕೆಳಗಿನ ಮೋಸಂಬಿ ತಾನೂ ಪ್ರಯಾಣದಲ್ಲಿದ್ದೇನೆ ಎಂದು ನೆನಪು ಮಾಡಿಕೊಡುತ್ತಿತ್ತು. ಹಳ್ಳಿಯ ಆಶಾ ಕಾರ್ಯಕರ್ತೆ ತಾರಾಬೆನ್ ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಕಾದಿದ್ದಳು. ರಾಯರು ಕಾರ್ಡು ಕೊಟ್ಟರು. ಅವಳು ಅದನ್ನು ಓದದೆ ಕೈಚೀಲಕ್ಕೆ ಹಾಕಿಕೊಂಡು, "ನೀವೇ ಅಲ್ಲವಾ ಫೋನಿನಲ್ಲಿ 'ಕೇಮ್ ಛೋ' ಅಂತ ಕೇಳಿ ಇಟ್ಟುಬಿಟ್ಟ ಸಾಹೇಬರು? ಊರಲ್ಲೆಲ್ಲ ನಿಮ್ಮದೇ ಮಾತು. ಯಾಕೆ ಫೋನ್ ಮಾಡಿದರು ಅಂತ ಯಾರಿಗೂ ಗೊತ್ತಾಗಲಿಲ್ಲ," ಎಂದಳು.

ಮೊದಲು ಜೇಠಾಭಾಯಿಯ ಮನೆ. ಅಂಗಳದಲ್ಲಿ ಹಗ್ಗದ ಮಂಚದ ಮೇಲೆ ಅವರು ಒಂದು ಮಗ್ಗುಲಾಗಿ ಮಲಗಿದ್ದರು.

"ಕೇಮ್ ಛೋ, ಕಾಕಾ?"

"ಮಜಾಮಾ, ಸಾಹೇಬ್! ಬನ್ನಿ, ಕೂತ್ಕೊಳ್ಳಿ."

ರಾಯರು ತಾರಾಬೆನ್ ಕಡೆ ಗೆಲುವಿನಿಂದ ನೋಡಿದರು. ನೋಡುತ್ತಲೇ, ಮೂವತ್ತೊಂದು ವರ್ಷದ ಅಭ್ಯಾಸ ಬಿಡದೆ, ಪೆನ್ನು ಕೆಳಗೆ ಬೀಳಿಸಿದರು. ಜೇಠಾಭಾಯಿ ಪೆನ್ನನ್ನು ನೋಡಿದರು. ಕೈ ಚಾಚಿದರು. ಅರ್ಧಕ್ಕೆ ಬಂದ ಕೈ ನಿಂತಿತು. ಮುಖದಲ್ಲಿ ಬೆವರು ಬಂತು.

"ಮಾಫ್ ಮಾಡಿ ಸಾಹೇಬ್, ಇದೊಂದು ಆಗೋದಿಲ್ಲ," ಎಂದು, ಅತಿಥಿಗೆ ಏನೋ ಅಪಚಾರ ಮಾಡಿದವರಂತೆ ನಕ್ಕರು. ತಾರಾಬೆನ್ ಜೇಠಾಭಾಯಿಯ ಬದಿಯ ಬಟ್ಟೆ ಸರಿಸಿದಳು. ಹೊಲಿಗೆಯ ಒಂದು ತುದಿ ಇನ್ನೂ ಕೂಡಿರಲಿಲ್ಲ. ಒಂದು ವರ್ಷದಿಂದ ಒಸರುತ್ತಿತ್ತು. ವಾರಕ್ಕೆರಡು ಸಲ ತಾರಾಬೆನ್ ಪಟ್ಟಿ ಕಟ್ಟುತ್ತಿದ್ದಳು.

"ಮತ್ತೆ ಮಜಾಮಾ ಅಂದಿರಲ್ಲ?" ರಾಯರ ದನಿಯಲ್ಲಿ ತನಿಖೆಯ ಗತ್ತು ಇನ್ನೂ ಸ್ವಲ್ಪ ಉಳಿದಿತ್ತು.

ಜೇಠಾಭಾಯಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮತ್ತೇನನ್ನಬೇಕಿತ್ತು? ಜೀವ ಹೋಗಿತ್ತು, ವಾಪಸ್ ಬಂತು. ಮೊಮ್ಮಗಳ ಮದುವೆ ನೋಡಿದೆ. ನೀವು ಅಷ್ಟು ದೂರದಿಂದ ಫೋನ್ ಮಾಡಿ ಕೇಳಿದಿರಿ. ನಿಮ್ಮ ಕಿವಿಗೆ ಕೀವು ಸುರೀಲಾ?"

ರಾಯರು ಫಾರ್ಮು ತೆಗೆದರು. ಒಂದು ಎನ್ನುವುದನ್ನು ಹೊಡೆದು ಎರಡು ಎಂದು ಬರೆದರು. ಜೇಠಾಭಾಯಿ ಮೊಮ್ಮಗಳ ಮದುವೆಯ ಫೋಟೋ ತರಿಸಿ ತೋರಿಸಿದರು. ಅದರಲ್ಲಿ ಅವರು ಪೇಟ ಸುತ್ತಿ, ಇಬ್ಬರ ಹೆಗಲ ಮೇಲೆ ಕೈಯಿಟ್ಟು, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದರು. ಎರಡನ್ನು ಹೊಡೆದು ಮತ್ತೆ ಒಂದು ಬರೆಯಬೇಕೇ ಎಂದು ರಾಯರಿಗೆ ಅನಿಸಿತು. ಒಂದೂವರೆ ಎಂಬ ಅಂಕಿ ಇರಲಿಲ್ಲ. ಇಲ್ಲದ ನೋವನ್ನು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರು ಕಂಪನಿಯ ಪಶ್ಚಿಮ ವಿಭಾಗದಲ್ಲೇ ಇರಲಿಲ್ಲ. ಇರುವ ನೋವನ್ನು ಮಡಚಿಟ್ಟು ಅತಿಥಿಗೆ ಚಹ ಕೊಡುವವರ ಫೈಲು ಮಾತ್ರ ಅವರ ಮೇಜಿಗೆ ಒಂದು ದಿನವೂ ಬಂದಿರಲಿಲ್ಲ. ಬಂದಿದ್ದರೂ ಅದಕ್ಕೆ ಯಾವ ನಿಯಮ ಹಚ್ಚುತ್ತಿದ್ದರೋ ದೇವರೇ ಬಲ್ಲ.

ಎರಡನೆಯದು ನಾನ್‌ಸಿಂಗಭಾಯಿಯ ಮನೆ, ಗುಡ್ಡದ ಮಗ್ಗುಲಿಗೆ. ಬಾಗಿಲಲ್ಲಿ ಅವರ ಹೆಂಡತಿ ಶಾಂತಾಬೆನ್ ತೊಗರಿ ಕೇರುತ್ತಿದ್ದರು. ಐವತ್ತು ದಾಟಿದ ಹೆಂಗಸು. ಮೊರ ಬದಿಗಿಟ್ಟು, ಮಂಚ ಹಾಕಿ, ಹಿತ್ತಾಳೆಯ ತಂಬಿಗೆಯಲ್ಲಿ ನೀರು ತಂದರು.

"ಕೇಮ್ ಛೋ, ಬೆನ್?"

"ಮಜಾಮಾ, ಭಾಯಿ."

"ನಾನ್‌ಸಿಂಗಭಾಯಿ ಹೊಲಕ್ಕೆ ಹೋಗಿದ್ದಾರಾ?"

ತಾರಾಬೆನ್ ಕೆಮ್ಮಿದಳು. ಶಾಂತಾಬೆನ್ ಗೋಡೆಯ ಕಡೆ ನೋಡಿದರು. ಗೋಡೆಯ ಮೇಲೆ ಪ್ಲಾಸ್ಟಿಕ್ ಹಾರ ಹಾಕಿದ ಫೋಟೋ ಇತ್ತು. ಅದು ಅಲ್ಲಿ ಒಂದು ವರ್ಷದಿಂದ ಇತ್ತು. ರಾಯರು ಫೋನು ಮಾಡಿದಾಗಲೂ ಇತ್ತು.

"ಆಪರೇಶನ್ ಆಗಿ ಮನೆಗೆ ಬಂದ ಮೂರನೇ ದಿನ," ಎಂದರು ಶಾಂತಾಬೆನ್.

ರಾಯರ ತಲೆ ಒಮ್ಮೆಗೇ ಕಲಸಿದ ಹಿಟ್ಟಾಯಿತು. ಫೋನಿನಲ್ಲಿ ಕೇಳಿದ ಆ ದನಿ ಇದೇ. ಆ ದನಿ ಮಜಾಮಾ ಎಂದಿತ್ತು. ಸತ್ತವರು ಮಜಾಮಾ ಇರಲು ಹೇಗೆ ಸಾಧ್ಯ? "ಮತ್ತೆ ನಾನು ಕೇಳಿದಾಗ ಯಾಕೆ ಹೇಳಲಿಲ್ಲ, ಬೆನ್?"

"ನೀವು ನನ್ನನ್ನು ಹೇಗಿದ್ದೀರಿ ಅಂದಿರಿ. ನಾನು ಚೆನ್ನಾಗಿದ್ದೇನೆ ಅಂದೆ. ಅವರ ವಿಷಯ ನೀವು ಕೇಳಲೇ ಇಲ್ಲ." ಶಾಂತಾಬೆನ್ ದನಿಯಲ್ಲಿ ದೂರು ಇರಲಿಲ್ಲ. "ಗುರುತಿಲ್ಲದವರು ಪಾಪ ಕ್ಷೇಮ ವಿಚಾರಿಸಿದರೆ, ನಮ್ಮ ಮನೆಯ ಸಾವು ತೆಗೆದು ಅವರ ಮಡಿಲಿಗೆ ಹಾಕೋದಾ?"

ಆಮೇಲೆ ಅವರೇ ಹೇಳಿದರು. ಗಂಡನಿಗೆ ಆರು ವರ್ಷ ಇತ್ತು ಆ ಗಂಟು, ಇವರ ಮಾತಿನಲ್ಲಿ ಸಾರಣಗಾಂಠ್. ಮೊದಲ ಮೂರು ವರ್ಷ ಹೆಂಡತಿಗೂ ಹೇಳಲಿಲ್ಲ. ಮೂಟೆ ಎತ್ತಿದ ಮೇಲೆ ಗೋಡೆಯ ಕಡೆ ತಿರುಗುವುದು, ಅಂಗೈಯಿಂದ ಒತ್ತುವುದು, ಒಂದು ಸುಳ್ಳು ಕೆಮ್ಮು ಕೆಮ್ಮುವುದು, ತಿರುಗಿ ಬಂದು ನಗುವುದು. ಕೊನೆಗೆ ಒಂದು ಬೆಳಿಗ್ಗೆ ತೊಗರಿ ಹೊಲದಲ್ಲಿ ಗೋಡೆಯಿಲ್ಲದೆ ಮರದ ಕಡೆ ತಿರುಗಿ ಒತ್ತಿದರು, ಒಳಗೆ ಹೋಗಲಿಲ್ಲ. ಮಂತ್ರ ಹಾಕುವವನು ಕಪ್ಪು ದಾರ ಕಟ್ಟಿದ. ಮಧ್ಯಾಹ್ನ ವಾಂತಿ. ಜೀಪು ಸಿಗುವಾಗ ಸಂಜೆ. ತಾಲ್ಲೂಕು ಆಸ್ಪತ್ರೆಯವರು ಇಲ್ಲಾಗದು, ವಡೋದರಾಕ್ಕೆ ಹೋಗಿ ಎಂದರು. ಹೊಟ್ಟೆ ತೆರೆಯುವ ಹೊತ್ತಿಗೆ ಒಂದು ಹಗಲು ಒಂದು ರಾತ್ರಿ ಕಳೆದಿತ್ತು.

"ಜೀಪಿನಲ್ಲಿ ಮಲಗಿಸಿದ್ದೆವು," ಎಂದರು ಶಾಂತಾಬೆನ್. "ದಾರಿಯಲ್ಲಿ ಸರಪಂಚ ಎದುರಾದ. ಬಗ್ಗಿ ನೋಡಿ, ಕೇಮ್ ಛೋ ನಾನ್‌ಸಿಂಗ್ ಅಂದ. ಇವರು ಏನಂದರು ಗೊತ್ತಾ?"

ರಾಯರಿಗೆ ಗೊತ್ತಿತ್ತು.

ಬರೆಯಬೇಕಿತ್ತು. ಫಾರ್ಮಿನ ಮೇಲೆ ನಾಲ್ಕು ಎಂದು ಬರೆಯಲು ಹೋದಾಗ ಪೆನ್ನು ಕೈಯಿಂದ ಜಾರಿ ಕೆಳಗೆ ಬಿತ್ತು. ಈ ಸಲ ಅವರು ಬೀಳಿಸಿದ್ದಲ್ಲ. ಅದು ತಾನೇ ಬಿತ್ತು. ರಾಯರು ಎತ್ತಲು ಬಗ್ಗಿದರು. ವ್ಯಾನಿನಲ್ಲಿ ಅಷ್ಟು ದೂರ ಕುಲುಕಿದ್ದ ಮೋಸಂಬಿ ಬೆಲ್ಟಿನ ಅಂಚಿನಿಂದ ಹೊರಗೆ ಜಿಗಿಯಿತು. ಅವರಿಗೆ ತಿಳಿಯದಂತೆ ಅವರ ಮೈ ಗೋಡೆಯ ಕಡೆ ತಿರುಗಿತು, ಅಂಗೈ ಒತ್ತಿತು, ಗಂಟಲಿನಿಂದ ಒಂದು ಕೆಮ್ಮು ಬಂತು. ತಿರುಗಿ ಬಂದು ನಕ್ಕರು.

ಶಾಂತಾಬೆನ್ ಪೆನ್ನು ಎತ್ತಿ ಹಿಡಿದಿದ್ದರು. ಕೊಡಲಿಲ್ಲ. "ಎಷ್ಟು ವರ್ಷ ಆಯ್ತು, ಭಾಯಿ?"

"ಮೂವತ್ತೊಂದು ವರ್ಷ ಸರ್ವೀಸು, ಬೆನ್. ಈಗ ರಿಟೈರ್ಡ್."

"ನೌಕರಿಯದ್ದಲ್ಲ." ಅವರು ರಾಯರ ಕೈಯನ್ನೇ ನೋಡುತ್ತಿದ್ದರು. ಕೈ ಇನ್ನೂ ಅಲ್ಲೇ ಇತ್ತು. "ಅದಕ್ಕೆ ಎಷ್ಟು ವರ್ಷ?"

ತಾರಾಬೆನ್ ಕೂಡ ನೋಡಿದಳು. ತೊಗರಿ ಆರಿಸುತ್ತಿದ್ದ ಕೋಳಿ ಕೂಡ ಒಂದು ಕ್ಷಣ ತಲೆ ಎತ್ತಿದ ಹಾಗೆ ರಾಯರಿಗೆ ಅನಿಸಿತು. ಕ್ಷೇತ್ರ ಸಂಶೋಧನಾ ಸಲಹೆಗಾರರು ಬಾಯಿ ತೆರೆದರು.

"ಮಜಾಮಾ," ಎಂದರು.

ಶಾಂತಾಬೆನ್ ನಗಲಿಲ್ಲ, ಬೈಯಲೂ ಇಲ್ಲ. ಪೆನ್ನನ್ನು ಅವರ ಜೇಬಿಗೆ ತಾವೇ ಸಿಕ್ಕಿಸಿ, "ಮನೆಯಲ್ಲಿ ನಿಮ್ಮ ಹೆಂಡತಿ ಇದ್ದಾರಲ್ಲ? ಅವರಿಗೆ ಗೊತ್ತಿದೆಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೊರ ಎತ್ತಿಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ರಾಯರು ಕಿಟಕಿಯಿಂದ ಹೊರಗೆ ನೋಡುತ್ತ ಕೂತರು. ಯಾವ ಫೈಲು ಎಲ್ಲಿಡಬೇಕೋ ತಿಳಿಯಲಿಲ್ಲ. ತಮ್ಮದು ನಾಲ್ಕು ವರ್ಷ, ನಾನ್‌ಸಿಂಗಭಾಯಿಯದು ಆರು. ಅಂದರೆ ಇನ್ನೆರಡು ವರ್ಷ ಇದೆಯೇ? ಅಥವಾ ಅದು ವರ್ಷಗಳ ಲೆಕ್ಕವೇ ಅಲ್ಲವೇ? ಅವರದು ಹಳ್ಳಿ, ತಮ್ಮದು ನಗರ. ಆಸ್ಪತ್ರೆ ಮನೆಯಿಂದ ಹತ್ತು ನಿಮಿಷ. ಆದರೆ ಆ ಹತ್ತು ನಿಮಿಷ ಶುರುವಾಗಬೇಕಾದರೆ ಯಾರಾದರೂ ಬಾಯಿಬಿಡಬೇಕಲ್ಲ. ಬಾಯಿ ಮತ್ತು ಆಸ್ಪತ್ರೆಯ ನಡುವಿನ ದೂರ ಇಬ್ಬರಿಗೂ ಒಂದೇ ಇದ್ದಂತೆ ತೋರಿತು. ಅರ್ಧ ದಾರಿಯ ಡಭೋಯಿ ಬಂದಾಗ ಮನೆಗೆ ಹೋದ ಕೂಡಲೇ ಹೇಳಿಬಿಡುವುದೆಂದು ನಿರ್ಧರಿಸಿದರು. ಮಂಜಲ್‌ಪುರ ಬಂದಾಗ ಊಟ ಆದ ಮೇಲೆ ಎಂದು ತಿದ್ದುಪಡಿ ಮಾಡಿದರು.

"ಆರಾಮ ಹೋಗಿ ಬಂದ್ರಿ?" ಎಂದರು ಇಂದುಮತಿ.

"ಆರಾಮ," ಎಂದುಬಿಟ್ಟರು. ಬಾಯಿ ಅವರದಾದರೂ ಶಬ್ದ ಅವರದಲ್ಲ, ಅದು ತಾತನ ಕಾಲದ್ದು, ತಾನಾಗಿ ಬರುತ್ತದೆ.

ಹೇಳಲಾಗದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಕೆಲಸಕ್ಕೆ ಬಿದ್ದರು. ಹೇಗಿದ್ದೀರಿ ಎಂದು ಕೇಳಲೇಬಾರದು. ಬೇರೆ ಏನು ಕೇಳಬೇಕು? ಮೂರು ದಿನ ಯೋಚಿಸಿ ಹೊಸ ಪ್ರಶ್ನೆಗಳ ಹಾಳೆ ಮಾಡಿದರು. ನೀರು ತುಂಬಿದ ಕೊಡ ಮನೆಯಲ್ಲಿ ಯಾರು ಎತ್ತುತ್ತಾರೆ, ಮೊದಲು ಯಾರು ಎತ್ತುತ್ತಿದ್ದರು? ನೆಲದಿಂದ ಏಳುವಾಗ ಏನನ್ನು ಹಿಡಿಯುತ್ತಾರೆ? ಕೆಮ್ಮು ಬಂದಾಗ ಕೈ ಎಲ್ಲಿಗೆ ಹೋಗುತ್ತದೆ? ಮನೆಯಲ್ಲಿ ಯಾರಿಂದ ಈ ವಿಷಯ ಮುಚ್ಚಿಡಲಾಗಿದೆ? ಕೆಳಗೆ ದಪ್ಪ ಅಕ್ಷರದಲ್ಲಿ ಸೂಚನೆ: 'ಮಜಾಮಾ, ಚೆನ್ನಾಗಿದ್ದೇನೆ, ನಡೆಯುತ್ತಿದೆ ಮುಂತಾದ ಉತ್ತರಗಳನ್ನು ಉತ್ತರವೆಂದು ಪರಿಗಣಿಸತಕ್ಕದ್ದಲ್ಲ.' ಇಂದುಮತಿಯ ಅಕ್ಷರ ಮುತ್ತಿನಂತಿದೆ. ತಾವು ನೋಡಿಕೊಂಡು ಕೇಳಲೆಂದು ಕನ್ನಡದ ಪ್ರತಿಯನ್ನು ಅವರ ಕೈಯಲ್ಲೇ ಬರೆಸಿದರು. ಇಂದುಮತಿ ಬರೆಯುತ್ತಾ, ನಾಲ್ಕನೆಯ ಪ್ರಶ್ನೆಗೆ ಬಂದಾಗ, ಕನ್ನಡಕ ತೆಗೆದು ಒರೆಸಿಕೊಂಡರು.

ಅದೇ ನಲವತ್ತೊಂದು ಮನೆಗಳಿಗೆ ಮತ್ತೆ ಕರೆ. ಈ ಸಲ ಹತ್ತು ದಿನ ಹಿಡಿಯಿತು. ಜನ ಅಳುತ್ತಿದ್ದರು, ನಗುತ್ತಿದ್ದರು, ಎಮ್ಮೆಯ ವಿಷಯ ಹೇಳುತ್ತಿದ್ದರು. ಕೊನೆಗೆ ಇಪ್ಪತ್ನಾಲ್ಕು ಮಂದಿ ನಿಜಕ್ಕೂ ಗುಣವಾಗಿದ್ದರು. ಒಂಬತ್ತು ಮಂದಿಗೆ ತೊಂದರೆ, ಮೂವರಿಗೆ ಗಡ್ಡೆ ಮತ್ತೆ ಬಂದಿತ್ತು. ಐವರು ಇರಲಿಲ್ಲ.

"ಅಪ್ಪಾ, ಯು ಆರ್ ಟೂ ಗುಡ್!" ಎಂದು ಅದಿತಿ ಫೋನಿನಲ್ಲಿ ಕೂಗಿದಳು. "ಮೇಡಂ ನಿನ್ನ ಪ್ರಶ್ನೆ ಎಲ್ಲಾ ಥೀಸಿಸ್ಸಿನಾಗ ಹಾಕು ಅಂದ್ರು. ನಿನ್ನ ಹೆಸರು ಬರ್ತದ!"

ಇಳಿದಿದ್ದ ರಾಯರು ಮತ್ತೆ ಉಬ್ಬಿದರು. ಸಂಘದ ಉಪನ್ಯಾಸದ ಹೆಸರು ಬದಲಾಗಿ 'ಮೌನವನ್ನು ಪ್ರಶ್ನಿಸುವ ಕಲೆ' ಎಂದಾಯಿತು. ಶನಿವಾರ ಬೆಳಿಗ್ಗೆ ಹಚ್ಚಿದ ಅವಲಕ್ಕಿ ತಿನ್ನುತ್ತಾ ಅದರ ಪೀಠಿಕೆಯನ್ನು ಇಂದುಮತಿಗೆ ಓದಿ ಹೇಳುತ್ತಿದ್ದರು. ಅಷ್ಟರಲ್ಲಿ ಗಂಟೆಯಾಯಿತು. ನೀರಿನ ಜಗ್ಗು. ರಾಯರು ಎದ್ದು ಬಾಲ್ಕನಿಯ ಕಡೆ ಹೊರಟರು.

"ಕೂಡ್ರಿ," ಎಂದರು ಇಂದುಮತಿ.

"ತುಳಸಿಗೆ ನೀರು…"

"ತುಳಸಿಗೆ ಆಗಲೇ ಹಾಕೀನಿ. ಕೂಡ್ರಿ." ವಾಚ್‌ಮನ್ ಜಗ್ಗು ಏರಿಸಿ ಹೋಗುವವರೆಗೂ ಅವರು ಕಾದರು. ಆಮೇಲೆ ತಮ್ಮ ಮುತ್ತಿನಂಥ ಅಕ್ಷರದ ಹಾಳೆ ಮತ್ತು ಒಂದು ಖಾಲಿ ಫಾರ್ಮು ತಂದು ಎದುರು ಕೂತರು. ಪೆನ್ನಿನ ಕ್ಯಾಪು ತೆಗೆದರು. "ಪ್ರಶ್ನೆ ಒಂದು. ನೀರು ತುಂಬಿದ ಕೊಡ ಮನಿಯಾಗ ಯಾರು ಎತ್ತತಾರ? ಮೊದಲ ಯಾರು ಎತ್ತತಿದ್ರು?"

"ಇದೇನು ಚೇಷ್ಟೆ ಹಚ್ಚೀ, ಇಂದೂ?"

"ಉತ್ತರ ಹೇಳ್ರಿ."

"ನಾ ಆರಾಮ ಅದೀನಿ."

ಇಂದುಮತಿ ಹಾಳೆಯ ಕೆಳಗಿನ ದಪ್ಪ ಅಕ್ಷರದ ಮೇಲೆ ಬೆರಳಿಟ್ಟರು. "ಇದನ್ನ ಉತ್ತರ ಅಂತ ಪರಿಗಣಿಸತಕ್ಕದ್ದಲ್ಲ. ನೀವಽ ಬರದೀರಿ."

ರಾಯರು ಅವಲಕ್ಕಿಯ ಬಟ್ಟಲು ನೋಡಿದರು. ಅದರಲ್ಲಿ ಸಹಾಯ ಇರಲಿಲ್ಲ.

"ಬೆನ್ನಿಗೆ ಕಟ್ಟೋ ಬೆಲ್ಟಿಗೆ ಮುಂದ ಗುಂಡನ್ನ ಗಾದಿ ಯಾಕ ಇರ್ತದ? ನಾಕು ವರ್ಷ ತೊಳದೀನಿ ನಾ ಅದನ್ನ," ಎಂದರು ಇಂದುಮತಿ. "ತಾವಾಗಿ ಹೇಳತಾರ, ತಾವಾಗಿ ಹೇಳತಾರ ಅಂತ ಕಾದೆ. ನಿಮ್ಮ ಪ್ರಶ್ನೆ ಬರೀವಾಗ ತಿಳೀತು, ಹೇಳೂ ಮಂದಿ ಅಲ್ಲ ನೀವು. ಕೇಳೂ ರೀತಿ ಕೇಳಬೇಕು ಅಂತ. ನಾಕನೇ ಪ್ರಶ್ನೆ ನೋಡ್ರಿ. ಯಾರಿಂದ ಮುಚ್ಚಿಡಲಾಗಿದೆ? ಏನಂತ ಬರೀಲಿ? ನನ್ನ ಹೆಸರು ಬರೀಲೇನು?"

ರಾಯರಿಗೆ ಮುಚ್ಚಿಟ್ಟವರು ಯಾರು, ಮುಚ್ಚಿಸಿಕೊಂಡವರು ಯಾರು ಎಂಬುದೇ ಗೊಂದಲವಾಯಿತು. ಗೊತ್ತಿದ್ದವರಿಂದ ಮುಚ್ಚಿಟ್ಟರೆ ಅದು ಗುಟ್ಟೋ ಅಲ್ಲವೋ?

ಇಂದುಮತಿ ಅಷ್ಟರಲ್ಲಿ ಫಾರ್ಮಿನ ತಲೆಯಲ್ಲಿ ಬರೆಯತೊಡಗಿದ್ದರು. ಹೆಸರು ಬಾಲಚಂದ್ರ. ವಯಸ್ಸು ಅರವತ್ತೊಂದು. ಊರು ಮಂಜಲ್‌ಪುರ.

ಇಲ್ಲಿ ರಾಯರೊಳಗಿನ ಅಧಿಕಾರಿ ಕೊನೆಯ ಸಲ ಎದ್ದು ನಿಂತ. "ಇದು ತಪ್ಪು, ಇಂದೂ. ಈ ಫಾರ್ಮು ಹಳ್ಳಿಯವರಿಗೆ. ಅದೂ ಎಮರ್ಜೆನ್ಸಿ ಆದವರಿಗೆ ಮಾತ್ರ. ನಾ ಇದಕ್ಕ ಹೊಂದಂಗಿಲ್ಲ."

"ಹೊಂದಬಾರದು ಅಂತನ ಬರೀಲಿಕತ್ತೀನಿ," ಎಂದರು ಇಂದುಮತಿ.

ಕೊನೆಯ ಚೌಕ ಖಾಲಿ ಉಳಿಯಿತು. ಮೂವತ್ತೊಂದು ವರ್ಷದಲ್ಲಿ ರಾಯರು ಖಾಲಿ ಚೌಕವಿರುವ ಕಾಗದಕ್ಕೆ ಸಹಿ ಹಾಕಿದವರಲ್ಲ. ಅದರ ಮೇಲೆ ಅವರ ಬೆರಳು ಓಡಾಡಿತು. ಒಂದೂ ಅಲ್ಲ, ಎರಡೂ ಅಲ್ಲ, ದೇವರ ದಯೆಯಿಂದ ನಾಲ್ಕಂತೂ ಅಲ್ಲ. ಇಂದುಮತಿ ಬೆರಳನ್ನು ಸರಿಸಿ, "ಅದನ್ನ ಆಮೇಲೆ ತುಂಬೋಣ," ಎಂದು, ಅದಿತಿಗೆ ಫೋನು ಹಚ್ಚಿ ಮೇಜಿನ ಮೇಲೆ ಗಂಡನ ಎದುರು ಇಟ್ಟರು.

"ಹಾಂ ಅಪ್ಪಾ, ಹ್ಯಾಂಗಿದ್ದಿ?" ಎಂದಿತು ಫೋನು.

ಬಾಯಿಯ ತುದಿಗೆ ಆ ಹಳೆಯ ಶಬ್ದ ಬಂದು ನಿಂತಿತು. ರಾಯರು ಹೆಂಡತಿಯ ಮುಖ ನೋಡಿದರು. ಶಬ್ದವನ್ನು ನುಂಗಿದರು.

"ನೀರಿನ ಜಗ್ಗು ನಾ ಎತ್ತಂಗಿಲ್ಲವ್ವಾ," ಎಂದರು. "ನಾಕು ವರ್ಷ ಆತು."

ನವರಂಗಪುರದಲ್ಲಿ ಯಾವುದೋ ಆಟೋ ಹಾರ್ನು ಹೊಡೆಯಿತು.

"ಯಾವ ಜಗ್ಗು, ಅಪ್ಪಾ?" ಎಂದಳು ಅದಿತಿ. ಮರುಕ್ಷಣವೇ ಅವಳ ದನಿ ಬದಲಾಯಿತು: "ಕೆಮ್ಮು ಬಂದ್ರ ಕೈ ಎಲ್ಲಿಗೆ ಹೋಗ್ತದ?"